ಮೂರು ನಿಮಿಷದೊಳಗಿನ ಮುಖ

ಅವರು ಫೋನಿನಲ್ಲಿ ಎಂದೂ ‘ಹಲೋ’ ಎನ್ನುತ್ತಿರಲಿಲ್ಲ. ರಿಸೀವರ್ ಕಿವಿಗಿಟ್ಟವರೇ ನೇರ ವಿಷಯಕ್ಕೆ ಬರುತ್ತಿದ್ದರು. ಆ ಕಡೆಯವರು ‘ಹಲೋ, ಹಲೋ, ಯಾರು ಮಾತಾಡೂದು?’ ಎಂದು ಗಂಟಲು ಹರಿದುಕೊಳ್ಳುವಷ್ಟರಲ್ಲಿ ಇವರು ಹೇಳುವುದನ್ನು ಹೇಳಿ ಕೆಳಗಿಟ್ಟಾಗಿರುತ್ತಿತ್ತು.

‘ಒಂದ ಹಲೋ ಅಂದ್ರ ನಿಮ್ಮ ಗಂಟೇನ್ ಹೋಗತೈತ್ರಿ ಸರ?’ ಎಂದು ನಾನು ಕೇಳಿದರೆ, ‘ಮಾತಾಡಾಕಂತನ ಫೋನ್ ಮಾಡೇನಿ. ಮಾತಾಡಾಕತ್ತೇನಿ ಅಂತ ಮತ್ತ ಯಾಕ ಹೇಳಬೇಕು ಬಾಯಾರ? ಹೇಳೂದು ಎಲ್ಲಾರಿಗೂ ಬರತೈತಿ. ಬಿಡೂದು ಬರಬೇಕು ನೋಡ್ರಿ’ ಎನ್ನುತ್ತಿದ್ದರು.

ನಾನಾಗ ಹಾನಗಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೇರೆ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ನಮ್ಮ ಆಫೀಸಿನ ಬಾಕಿನ ಮೇಲೆ ಕುಳಿತು ಕಾಯಬೇಕಿತ್ತು. ಲೈನು ಸಿಕ್ಕರೆ ಪುಣ್ಯ. ಸಿಕ್ಕ ಮೇಲೂ ಮೂರು ನಿಮಿಷ ಆದ ಕೂಡಲೇ ‘ಮೂರು ನಿಮಿಷ ಆತ್ರಿ’ ಎಂದು ನಾನು ನಡುವೆ ಬಾಯಿ ಹಾಕುತ್ತಿದ್ದೆ. ಜನ ಮೊದಲ ಎರಡು ನಿಮಿಷ ಆರಾಮ ಅದೀರೇನು, ದನಾ ಕರಾ ಆರಾಮ ಅದಾವೇನು ಎಂದು ಕೇಳುವುದರಲ್ಲೇ ಕಳೆದು, ಸತ್ತ ಸುದ್ದಿ ಹೇಳಬೇಕೆನ್ನುವಾಗ ನನ್ನ ದನಿ ಕೇಳಿ ಎದೆ ಒಡೆದುಕೊಳ್ಳುತ್ತಿದ್ದರು. ಬೈಸಿಕೊಂಡವಳು ನಾನೇ. ನನಗೂ ಬಾಯಿ ಕಡಿಮೆ ಇರಲಿಲ್ಲ. ಆ ಕೆಲಸಕ್ಕೆ ಅದೇ ಬೇಕಿತ್ತು.

ಅವರು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಮತ್ತು ನನ್ನ ಅವ್ವ ಬಾಡಿಗೆಗಿದ್ದ ಮನೆಯ ಪಕ್ಕದ್ದೇ ಅವರ ಮನೆ, ನಡುವೆ ಎದೆಮಟ್ಟದ ಗೋಡೆ. ಹೆಸರು ಬರೆಯುವುದಿಲ್ಲ. ಅವರಾಗಿದ್ದರೆ ಅದನ್ನೂ ಬಿಡಿ ಎನ್ನುತ್ತಿದ್ದರು.

ಎತ್ತರದ ಆಳು. ಮೀಸೆಗೆ ಸದಾ ಸೀಮೆಸುಣ್ಣದ ಧೂಳು. ಸೈಕಲ್ಲಿತ್ತು, ಹತ್ತುತ್ತಿರಲಿಲ್ಲ, ಮನೆಯಿಂದ ಕಾಲೇಜಿನವರೆಗೂ ಅದನ್ನು ಕೈಯಲ್ಲಿ ಹಿಡಿದು, ತಲೆಯೊಳಗೆ ಏನೋ ಕೂಡುತ್ತ ಕಳೆಯುತ್ತ ನಡೆದೇ ಹೋಗುತ್ತಿದ್ದರು. ತಾಟಿನಲ್ಲಿ ಏನಿಲ್ಲ ಎಂಬುದು ಆ ಮನುಷ್ಯನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಒಮ್ಮೆ ಬೇಕೆಂದೇ ಉಪ್ಪಿಲ್ಲದ ಪಲ್ಲೆ ಬಡಿಸಿದಳು. ಉಂಡು, ತಾಟಿನಲ್ಲೇ ಕೈ ತೊಳೆದು ಎದ್ದರಂತೆ. ‘ನಾ ಒಂದಿನ ಮನ್ಯಾಗ ಇಲ್ಲಂದ್ರೂ ಇವರಿಗೆ ಗೊತ್ತಾಗೂದಿಲ್ಲ ತಗೋ’ ಎಂದು ಗೋಡೆಯ ಆಚೆಯಿಂದ ನನಗೆ ಹೇಳಿ ನಕ್ಕಳು.

ತಂತಿ ಕಳಿಸುವವರು ಒಕ್ಕಣೆ ಬರೆಸಲು ಅವರ ಹತ್ತಿರ ಬರುತ್ತಿದ್ದರು. ಹತ್ತು ಮಾತಿನದನ್ನು ಮೂರಕ್ಕೆ ಇಳಿಸಿಕೊಡುತ್ತಿದ್ದರು. ಒಮ್ಮೆ ತಿಳವಳ್ಳಿಯ ಹಿರಿಯರೊಬ್ಬರು ಪುಣೆಯಲ್ಲಿದ್ದ ಮಗನಿಗೆ, ‘ನಿಮ್ಮವ್ವಗ ಸ್ವಲ್ಪ ಜಡ್ಡು, ಗಾಬರಿ ಆಗೂವಂಥಾದ್ದೇನೂ ಇಲ್ಲ, ರಜಾ ಸಿಕ್ಕಾಗ ಬಂದು ಹೋಗು’ ಎಂದು ತಿಳಿಸಬೇಕೆಂದರು. ಇವರು ಅದನ್ನು ‘ತಾಯಿಗೆ ಜಡ್ಡು. ಬಾ’ ಎಂದು ಮಾಡಿಕೊಟ್ಟರು. ಮಗ ತಲೆ ಬೋಳಿಸಿಕೊಳ್ಳುವುದೊಂದು ಬಾಕಿ, ಬಂಧುಬಳಗ ಕಟ್ಟಿಕೊಂಡು ಅಳುತ್ತ ಬಂದಿಳಿದ. ತಾಯಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಊರೆಲ್ಲ ನಕ್ಕಿತು. ಅವರೂ ನಕ್ಕರು. ಆದರೆ ಎರಡು ದಿನ ಬಿಟ್ಟು ಆಫೀಸಿಗೆ ಬಂದಾಗ, ‘ಅಲ್ರಿ, ಗಾಬರಿ ಅನ್ನೂ ಮಾತು ಸಣ್ಣದು ಅಂತ ಬಿಟ್ಟೆ. ಅದು ಸಣ್ಣದಾಗಿರಲಿಲ್ಲ’ ಎಂದರು.

ಈ ಬಿಡುವ ಹುಚ್ಚು ಎಲ್ಲಿಂದ ಬಂತು ಎಂದು ನಾನು ಕೇಳಿದ್ದೆ. ಧಾರವಾಡದಲ್ಲಿ ಓದುವಾಗ ಒಬ್ಬ ಮೇಷ್ಟ್ರು ಹಿಡಿಸಿದ್ದಂತೆ. ಧ್ವನಿಯಾಗಲಿ ಚಿತ್ರವಾಗಲಿ, ಅದನ್ನು ಅಂಕಿಗಳಾಗಿ ಮಾಡಿ, ಆ ಅಂಕಿಗಳನ್ನು ಇನ್ನೊಂದು ಬಗೆಯ ಅಂಕಿಗಳಾಗಿ ತಿರುಗಿಸುವ ಗಣಿತ. ಟ್ರಾನ್ಸ್‌ಫಾರ್ಮ್ ಎನ್ನುತ್ತಿದ್ದರು. ಓಣಿಯವರು ಕರೆಂಟು ಹೋದಾಗೆಲ್ಲ ಇವರನ್ನು ಕೇಳಲು ಬರುತ್ತಿದ್ದುದು ಆ ಹೆಸರಿನ ಪ್ರಭಾವ. ನನಗೆ ಅವರು ಬಿಡಿಸಿ ಹೇಳಿದ್ದು ನಮ್ಮ ಕಟ್ಟೆಯ ಮೇಲೆ, ಅವ್ವ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಾಗ.

‘ಯಾವ ಚಿತ್ರಾನ ಆಗಲಿ, ಕೌದಿ ಮ್ಯಾಲ ಕೌದಿ ಹಾಸಿ ಮಾಡಬಹುದು ಬಾಯಾರ. ಮೊದಲನೇ ಕೌದಿ ಪೂರಾ ಒಂದ ಬಣ್ಣ. ಎರಡನೇದು ಅರ್ಧ ಬಿಳೇದು, ಅರ್ಧ ಕರೇದು. ಮೂರನೇದು ಅಡ್ಡ ಅರ್ಧ. ಆಮ್ಯಾಲ ಪಟ್ಟಿ ಪಟ್ಟಿ, ಚೌಕ ಚೌಕ. ಕೌದಿ ಯಾವಾಗಲೂ ಅವ. ಯಾವ ಕೌದಿ ಎಷ್ಟು ಗಾಢ ಹಾಸಬೇಕು ಅನ್ನೂದು ಒಂದು ಅಂಕಿ. ಆ ಅಂಕಿ ಅಷ್ಟ ಕಳಿಸಿದ್ರ ಆತು, ಆ ಕಡೆಯವರು ಚಿತ್ರಾ ಮಾಡಿಕೊಳ್ಳತಾರ. ಮಜಾ ಏನಂದ್ರ, ಭಾಳ ಕೌದಿಗೆ ಅಂಕಿ ಭಾಳ ಸಣ್ಣದು ಬರತೈತಿ. ಅವನ್ನ ಬಿಟ್ರೂ ಕಣ್ಣಿಗೆ ಗೊತ್ತಾಗೂದಿಲ್ಲ.’

‘ಮೋಸ ಅಂದ್ರ ಇದಲ್ಲೇನ್ರಿ?’

‘ನಿಮ್ಮ ಫೋನ್ ದಿನಾ ಮಾಡೂದು ಇದನ್ನ. ನಿಮ್ಮ ದನಿ ಪೂರಾ ಬರೂದಿಲ್ರಿ ಅದರಾಗ. ಸಣ್ಣ ಶಿಳ್ಳಿ ಅಂಥಾ ದನಿ ಎಲ್ಲಾ ಕತ್ತರಿಸಿ ಒಗದಿರತಾರ. ಉಳಿದಿದ್ದನ್ನ ಕೇಳಿ ನಮ್ಮ ಕಿವಿ ತಾನ ತುಂಬಿಕೊಳ್ಳತೈತಿ.’

ಅಂದಿನಿಂದ ನನ್ನ ದನಿಯಲ್ಲಿ ಯಾವುದು ಕತ್ತರಿಸಿ ಹೋಗುತ್ತಿದೆಯೋ ಎಂದು ನನಗೆ ಸಂಶಯ ಹತ್ತಿತು.

ಅವರ ಲೆಕ್ಕದಲ್ಲಿ ಗುಣಾಕಾರ, ಭಾಗಾಕಾರ ಏನೂ ಇರುತ್ತಿರಲಿಲ್ಲ. ಕೂಡುವುದು, ಕಳೆಯುವುದು, ಅಷ್ಟೇ. ಆದರೆ ರಾಶಿ ರಾಶಿ. ಸಂಜೆ ಕಾಲೇಜಿನಿಂದ ಬಂದ ಮೇಲೆ ಅವರು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತ ಕೂರುವರು, ಅಕ್ಕ ಮೊರದಲ್ಲಿ ಅಕ್ಕಿ ಹಸನ ಮಾಡುತ್ತ ಎದುರಿಗೆ ಕೂರುವಳು. ಅವರು ಎರಡು ಅಂಕಿ ಹೇಳಬೇಕು, ಇವಳು ಕೂಡಿದ್ದೊಂದು ಕಳೆದದ್ದೊಂದು ಹೇಳಬೇಕು. ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು, ಕೂಡುವುದು ಕಳೆಯುವುದಕ್ಕೆ ಎಷ್ಟು ಓದಬೇಕು? ತಪ್ಪಿದರೆ ಇಬ್ಬರೂ ನಗುತ್ತಿದ್ದರು. ಗೋಡೆಯ ಈಚೆ ನಾವು ರೊಟ್ಟಿ ಬಡಿಯುವಾಗ ಆ ನಗು ಕೇಳುತ್ತಿತ್ತು. ‘ಗಂಡ ಹೆಂಡತಿ ಲೆಕ್ಕಾ ಮಾಡಿ ನಗೂದು ಇಲ್ಲೇ ನೋಡಿದೆ’ ಎನ್ನುತ್ತಿದ್ದಳು ನನ್ನ ಅವ್ವ. ಒಳಕೋಣೆಯಿಂದ ಅವರ ಅವ್ವನ, ಎಂದರೆ ಅಕ್ಕನ ಅತ್ತೆಯ, ಕೆಮ್ಮು ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದರು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೋ ಕೆಣಕಿದರು: ‘ಮಾಸ್ತರ, ಈ ನಿಮ್ಮ ಕೌದಿ ಯಾರ ಹೊದ್ದುಕೊಳ್ಳಾಕ?’ ಇವರಿಗೆ ರೋಷ ಬಂತು. ಈ ಸಲದ ವಿಜ್ಞಾನ ಪ್ರದರ್ಶನದಲ್ಲಿ ಸವಣೂರಿನಿಂದ ಹಾನಗಲ್ಲಿಗೆ ಒಂದು ಮುಖವನ್ನು ಟ್ರಂಕ್ ಕಾಲಿನಲ್ಲಿ ತರಿಸುತ್ತೇನೆ, ಅದೂ ಮೂರೇ ನಿಮಿಷದಲ್ಲಿ ಎಂದುಬಿಟ್ಟರು. ಸವಣೂರು ಅಕ್ಕನ ತವರು. ಅವಳ ತಮ್ಮ ಅಲ್ಲಿ ಸಾಲಿ ಮಾಸ್ತರ. ಭಾವನ ಹತ್ತಿರ ಈ ಲೆಕ್ಕ ಕಲಿತಿದ್ದ. ಒಂದು ಫೋಟೋದ ಮೇಲೆ ಹದಿನಾರು ಸಾಲು, ಸಾಲಿಗೆ ಹದಿನಾರು ಚೌಕ ಗೆರೆ ಎಳೆದು, ಪ್ರತಿ ಚೌಕ ಎಷ್ಟು ಕಪ್ಪು ಎಂದು ಅಂಕಿ ಹಾಕಿ, ಅದನ್ನೆಲ್ಲ ತಿರುಗಿಸಿ, ದೊಡ್ಡ ಅಂಕಿಗಳನ್ನು ಮಾತ್ರ ಅವನು ಫೋನಿನಲ್ಲಿ ಓದಬೇಕು. ಮೂರು ನಿಮಿಷದಲ್ಲಿ ಬಾಯಿ ಹರಿದು ಓದಿದರೂ ನಲವತ್ತರ ಮೇಲೆ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ಬಿಡುವುದು. ಮೊದಲೇ ಬಾಯಿಪಾಠ ಮಾಡಿಟ್ಟಿದ್ದಾರೆ ಎಂದು ಯಾರೂ ಅನ್ನಬಾರದಲ್ಲ? ಅದಕ್ಕೆ ಯಾರ ಮುಖ ಎಂಬುದನ್ನು ಮೈದುನ ತನಗೆ ಹೇಳಕೂಡದು ಎಂದು ಅವರೇ ಷರತ್ತು ಹಾಕಿದರು.

ಪ್ರದರ್ಶನದ ದಿನ ಬೆಳಿಗ್ಗೆ ಆ ಕಾಲ್ ಹಾಕಿಕೊಟ್ಟವಳು ನಾನೇ. ಸವಣೂರಿನವನು ‘ಹಲೋ ಭಾವಾ, ಆರಾಮ?’ ಎಂದ. ‘ಓದು’ ಎಂದರು ಇವರು. ಅವನು ಓದಿದ, ಇವರು ಬರೆದುಕೊಂಡರು. ನಾನು ‘ಮೂರು ನಿಮಿಷ ಆತ್ರಿ’ ಎನ್ನುವುದಕ್ಕೂ ಅವನು ಮುಗಿಸುವುದಕ್ಕೂ ಸರಿಹೋಯಿತು. ಅವರು ನನ್ನ ಕಡೆ ನೋಡಿ ನಕ್ಕರು. ಅಂಥ ನಗುವನ್ನು ಅವರ ಮುಖದಲ್ಲಿ ನಾನು ಮತ್ತೆ ಕಾಣಲಿಲ್ಲ.

ಮಧ್ಯಾಹ್ನದವರೆಗೂ ಹುಡುಗ ಹುಡುಗಿಯರನ್ನು ಸಾಲಾಗಿ ಕೂರಿಸಿ ಲೆಕ್ಕ ನಡೆಯಿತು. ಇಳಿಹೊತ್ತಿಗೆ ಕಾಲೇಜಿನ ಮುಂದಿನ ಸಾರಿಸಿದ ಬಯಲಿನಲ್ಲಿ ಹಗ್ಗ ಹಿಡಿದು ಚೌಕ ಹಾಕಿ, ರಂಗೋಲಿ ಪುಡಿ, ಬೂದಿ, ಇದ್ದಿಲ ಪುಡಿ ಬೆರೆಸಿ ಚೌಕ ಚೌಕವೂ ತುಂಬಲು ಶುರು ಮಾಡಿದರು. ನೋಡುವವರೆಲ್ಲ ಮಹಡಿಯ ಮೇಲೆ. ನಾನೂ ಅರ್ಧ ದಿನದ ರಜೆ ಹಾಕಿ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಅವರ ಅವ್ವನಿಗೆ ಕುರ್ಚಿ ಹಾಕಿದ್ದರು. ಅಕ್ಕ ಕೆಳಗೆ ಬಾಗಿಲ ಹತ್ತಿರ, ಬಂದ ಹೆಣ್ಣುಮಕ್ಕಳಿಗೆ ಅರಿಷಿಣ ಕುಂಕುಮ ಕೊಡುವ ತಾಟು ಹಿಡಿದು ನಿಂತಿದ್ದಳು.

‘ಕಣ್ಣು ಸ್ವಲ್ಪ ಸಣ್ಣ ಮಾಡಿ ನೋಡ್ರಿ’ ಎಂದರು ಅವರು ಕೆಳಗಿನಿಂದ.

ಸಣ್ಣ ಮಾಡಿದೆವು. ಅಯ್ಯ ಶಿವನೇ! ಬರೀ ಬೂದಿ ಇದ್ದಿಲು ಎನ್ನುವಂತಿದ್ದ ಚೌಕಗಳು ಒಮ್ಮೆಲೇ ಒಂದಾದವು. ತಲೆಯ ಮೇಲಿನ ಸೆರಗು, ಒಂದು ಕಡೆ ವಾಲಿದ ಕುತ್ತಿಗೆ, ಉದ್ದನೆಯ ಗದ್ದ. ‘ಏ, ನಮ್ಮ ಸರ್ರ ಮನಿಯವ್ರು!’ ಎಂದು ಯಾರೋ ಹುಡುಗಿ ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ. ಭಾವನನ್ನು ಬೆರಗುಗೊಳಿಸಬೇಕೆಂದು ಸವಣೂರಿನವನು ತನ್ನ ಅಕ್ಕನ ಫೋಟೋವನ್ನೇ ಅಂಕಿ ಮಾಡಿ ಓದಿದ್ದ.

ಚಪ್ಪಾಳೆ ಅರ್ಧಕ್ಕೇ ನಿಂತಿತು. ನನಗೂ ಆಗಲೇ ಕಂಡದ್ದು. ಹಣೆ ಬೋಳಾಗಿತ್ತು.

ಅಕ್ಕ ರೂಪಾಯಿ ಅಗಲದ ಕುಂಕುಮ ಹಚ್ಚುವವಳು. ಫೋಟೋದಲ್ಲೂ ಇತ್ತಂತೆ. ಅಲ್ಲಿ ಇದ್ದದ್ದು ಇಲ್ಲಿಗೆ ಬಂದಿರಲಿಲ್ಲ. ಮೂಗುತಿಯೂ ಬಂದಿರಲಿಲ್ಲ, ಅದನ್ನು ಯಾರು ಕೇಳುತ್ತಾರೆ? ಕಣ್ಣುಗಳ ಜಾಗದಲ್ಲಿ ಬರೀ ಒಂದು ಕಪ್ಪು ಪಟ್ಟಿ ಇತ್ತು. ಅದನ್ನೂ ಯಾರೂ ಕೇಳಲಿಲ್ಲ. ಗಂಡನಿರುವ ಹೆಣ್ಣುಮಗಳ ಬೋಳು ಹಣೆ ಅಷ್ಟು ದೊಡ್ಡದಾಗಿ, ಊರಿನ ನಡುವೆ, ನೆಲದ ಮೇಲೆ ಬಿದ್ದಿತ್ತು. ಅವರ ಅವ್ವ ಕುರ್ಚಿಯಿಂದ ಎದ್ದು, ‘ಯವ್ವಾ, ನನ್ನ ಮಗನ್ನ ಜೀವಂತ ಇದ್ದಾಗನ ಕೊಂದ್ರಲ್ಲೋ!’ ಎಂದು ಚೀರಿದಳು.

ಅಕ್ಕ ಮೇಲೆ ನೋಡಿದಳು, ನೆಲ ನೋಡಿದಳು. ನಕ್ಕಳು, ಹೌದು, ನಕ್ಕಳು. ‘ಅದಕ್ಯಾಕ ಅಷ್ಟು ಗಾಬರಿ ಆಗ್ತೀರಿ ಅತ್ತಿ’ ಎನ್ನುತ್ತ ತಾಟು ಹಿಡಿದೇ ಬಂದು, ಸೆರಗು ಎತ್ತಿ ಹಿಡಿದು, ಚೌಕಗಳು ಕೆಡದಂತೆ ಕಾಲಿಟ್ಟು, ಹಣೆಯ ನಡುವಿನ ಚೌಕಕ್ಕೆ ಒಂದು ಹಿಡಿ ಕುಂಕುಮ ಸುರಿದಳು. ಬೂದಿ ಬಣ್ಣದ ಮುಖದಲ್ಲಿ ಕೆಂಪಗೆ ಒಂದೇ ಚೌಕ. ಎಷ್ಟು ಚೆಂದ ಕಂಡಿತೆಂದರೆ, ಜನ ನಿಟ್ಟುಸಿರು ಬಿಟ್ಟು ಮತ್ತೆ ಚಪ್ಪಾಳೆಗೆ ಕೈ ಎತ್ತಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಅಲ್ಲಿಗೆ ಮುಗಿದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಆ ಮನುಷ್ಯ, ‘ಏ, ಏ, ಹಂಗ ಮಾಡಬಾರದು! ಬಂದ ಅಂಕಿಯೊಳಗ ಅದು ಇಲ್ಲ!’ ಎಂದು ಓಡಿ ಬಂದರು. ಬಂದವರೇ ಬಗ್ಗಿ, ಅಂಗೈಯಿಂದ ಆ ಕುಂಕುಮವನ್ನು ಒರೆಸಿದರು. ಒಮ್ಮೆ ಒರೆಸಿದರು, ಹೋಗಲಿಲ್ಲವೆಂದು ಪಂಚೆಯ ಚುಂಗಿನಿಂದ ಇನ್ನೊಮ್ಮೆ ಒರೆಸಿದರು. ಒರೆಸಿ, ಆ ಚೌಕಕ್ಕೆ ಲೆಕ್ಕದಲ್ಲಿ ಬಂದಿದ್ದ ಬೂದಿಯನ್ನು ಹಾಕಿ, ಕೆಲಸ ಸರಿಯಾಯಿತೆಂಬಂತೆ ನೆಟ್ಟಗೆ ನಿಂತು ಮೇಲೆ ನೋಡಿದರು. ಚಪ್ಪಾಳೆಗೆ ಎತ್ತಿದ್ದ ಕೈಗಳೆಲ್ಲ ಇಳಿದಿದ್ದವು. ಏನು ಮಾಡಿದೆನೆಂದು ಅವರಿಗೆ ಆಗಲೂ ತಿಳಿದಿರಲಿಲ್ಲ. ಹೆಂಡತಿಯ ಮುಖದ ಕಡೆ ತಿರುಗಿದ ಮೇಲೆ ತಿಳಿಯಿತು. ಅಕ್ಕ ತಾಟನ್ನು ಅಲ್ಲೇ ನೆಲದ ಮೇಲಿಟ್ಟು, ಒಬ್ಬಳೇ ಮನೆಗೆ ನಡೆದಳು.

ಅಪಶಕುನವನ್ನು ಅಕ್ಕ ನಂಬುತ್ತಿರಲಿಲ್ಲ. ಅವಳಿಗೆ ನೋವಾದದ್ದು ಬೇರೆಯದಕ್ಕೆ. ‘ಸುಳ್ಳು ಆದ್ರ ಸುಳ್ಳು. ಇಷ್ಟು ಮಂದ್ಯಾಗ ಹೇಣ್ತಿ ಸಲುವಾಗಿ ಒಂದ ಚೌಕ ಸುಳ್ಳು ಇರವಲ್ಲದ್ಯಾಕ ಅಂತ ಅವರಿಗೆ ಅನಸಲಿಲ್ಲ’ ಎಂದಳು ನನ್ನ ಹತ್ತಿರ, ಒಂದೇ ಸಲ. ಮತ್ತೆ ಆ ಮಾತು ತೆಗೆಯಲಿಲ್ಲ.

ಅವರ ಅವ್ವ ಅನ್ನ ನೀರು ಬಿಟ್ಟಳು. ಶಾಂತಿ ಮಾಡಿಸಿದರೂ ಸಮಾಧಾನವಿಲ್ಲ. ಕೊನೆಗೆ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಇನ್ನು ಆ ಲೆಕ್ಕ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಳು. ಅವರು ಮಾಡಿದರು. ಧಾರವಾಡದ ಮೇಷ್ಟ್ರು ಸಂಶೋಧನೆಗೆ ಬಾ ಎಂದು ಕರೆದಿದ್ದರು, ಅದನ್ನೂ ಬೇಡವೆಂದರು. ನನಗೆ ಮೈಯೆಲ್ಲ ಉರಿಯಿತು. ‘ಮುದಕಿ ಮಾತಿಗೆ ನೀವೂ ಮುದಕರಾದ್ರೇನ್ರಿ?’ ಎಂದು ಮುಖದ ಮೇಲೇ ಕೇಳಿದೆ.

‘ಅವ್ವನ ಮಾತಿಗೆ ಅಲ್ರಿ ಬಾಯಾರ. ನನಗ ಆ ನಂಬಿಕಿ ಎಲ್ಲಾ ಇಲ್ಲ. ಆದ್ರ ಒರಸಿದಾಂವ ನಾನ ಅಲ್ಲೇನು?’ ಎಂದರು.

ಆಮೇಲಿನ ವರ್ಷಗಳು ಹೇಗೆ ಕಳೆದವೆಂದರೆ, ಏನೂ ಆಗದೆ ಕಳೆದವು. ಜಗಳವಿಲ್ಲ, ಕೂಗಾಟವಿಲ್ಲ. ಸಂಜೆ ಅಕ್ಕ ಒಬ್ಬಳೇ ಅಕ್ಕಿ ಹಸನ ಮಾಡುವಳು, ಅವರು ಕಟ್ಟೆಯ ಮೇಲೆ ಸುಮ್ಮನೆ ಕೂರುವರು. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಮೂಡಲಿಲ್ಲ. ನಗು ಕೇಳಲಿಲ್ಲ. ಒಂದು ಹೊಸ ಚಾಳಿ ಮಾತ್ರ ಅವರಿಗೆ ಹತ್ತಿತ್ತು. ಬೆಳಿಗ್ಗೆ ಸೈಕಲ್ ಹಿಡಿದು ಅಂಗಳದಲ್ಲಿ ನಿಲ್ಲುವರು. ಅಕ್ಕ ಮಿಂದು ಹಣೆಗೆ ಹಚ್ಚಿಕೊಂಡು ಬಾಗಿಲಿಗೆ ಬರುವವರೆಗೂ ಕದಲುತ್ತಿರಲಿಲ್ಲ. ನೋಡಿ, ತಲೆ ತಗ್ಗಿಸಿ ಹೊರಡುವರು. ಉಪ್ಪಿಲ್ಲದ್ದು ತಿಳಿಯದಿದ್ದ ಮನುಷ್ಯ! ಕ್ಷಮಿಸು ಎಂಬ ಒಂದು ಮಾತು ಬಾಯಿಂದ ಬಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅದನ್ನೂ ಬಿಡುವ ಮಾತುಗಳ ಗುಂಪಿಗೇ ಸೇರಿಸಿಬಿಟ್ಟಿದ್ದರೋ ಏನೋ. ಅಕ್ಕನೂ ಕೇಳಲಿಲ್ಲ. ಇಬ್ಬರೂ ಒಳ್ಳೆಯವರು; ಒಳ್ಳೆಯವರ ಹಟ ಕೆಟ್ಟದ್ದು.

ಸವಣೂರಿನಲ್ಲಿ ಅಕ್ಕನ ತವರಿನ ಮದುವೆಯೊಂದಕ್ಕೆ ನಾವೆಲ್ಲ ಹೋಗಿದ್ದೆವು. ಅಕ್ಕ ಅಲ್ಲೇ ಉಳಿದಳು. ನನಗೆ ಹುಬ್ಬಳ್ಳಿಯಲ್ಲಿ ಆಫೀಸಿನ ಕೆಲಸ, ಅವರಿಗೆ ಕಣ್ಣು ತೋರಿಸುವುದಿತ್ತು. ಯಲವಿಗಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ರೈಲಿಗೆ ಕಾಯುತ್ತ ಕುಳಿತಿದ್ದಾಗ, ನಾನು ಕೇಳದೆಯೇ ಹೇಳತೊಡಗಿದರು.

‘ಆವತ್ತ ಕುಂಕುಮ ಯಾಕ ಬರಲಿಲ್ಲ ಅಂತ ಗೊತ್ತಾತ್ರಿ. ಸೆರಗು, ಕೂದಲಾ, ಗದ್ದಾ ಎಲ್ಲಾ ದೊಡ್ಡ ದೊಡ್ಡ ಕೌದಿಗೆ ಸಿಗತಾವು. ಕುಂಕುಮ ಅಂದ್ರ ಒಂದ ಚೌಕ. ಅದು ಯಾವ ಒಂದು ಕೌದ್ಯಾಗೂ ಇಲ್ಲ. ಎಲ್ಲಾದ್ರಾಗೂ ಚೂರು ಚೂರು ಐತಿ. ಒಂದೊಂದನ್ನ ನೋಡಿದ್ರ ಇದೇನ್ ಮಹಾ, ಬಿಡು ಅನಸತೈತಿ. ನಾ ಹಂಗಂತ ಎಲ್ಲಾ ಚೂರೂ ಬಿಟ್ಟೆ.’

‘ಮುಟ್ಟೂದಿಲ್ಲ ಅಂತ ಆಣಿ ಮಾಡಿದ್ರಲ್ಲ?’

‘ಕೈಲೆ ಮುಟ್ಟಿಲ್ರಿ. ತಲಿಗೆ ಯಾರು ಆಣಿ ಹಾಕಾಕ ಬರತೈತಿ?’ ಹಳಿಗಳ ಕಡೆ ತಿರುಗಿ ಮುಂದುವರಿಸಿದರು. ‘ಮುಖಾ ಇಡಿಯಾಗಿ ಹಿಡೀಬಾರದಿತ್ತು. ಸಣ್ಣ ಸಣ್ಣ ತುಂಡು ಮಾಡಿ, ಹಣಿದ ಬ್ಯಾರೆ ಲೆಕ್ಕಾ, ಕಣ್ಣಿಂದ ಬ್ಯಾರೆ ಲೆಕ್ಕಾ ಮಾಡಬೇಕಿತ್ತು. ಹಣಿ ಅಷ್ಟನ್ನ ಏನೂ ಬಿಡದ ಕಳಿಸಿದ್ರ ಬರತಿತ್ತು.’

‘ಇದನ್ನ ನನಗ ಯಾಕ ಹೇಳ್ತೀರಿ? ಅಕ್ಕಗ ಹೇಳ್ರಿ.’

ರೈಲು ಬಂತು. ಅವರು ಚೀಲ ಎತ್ತಿಕೊಂಡರು.

ಮುಂದೆ ಅವರ ಅವ್ವ ತೀರಿಕೊಂಡಳು. ಇನ್ನಾದರೂ ಆಣೆ ಕಳೆಯಿತಲ್ಲ ಎಂದು ನಾನು ಕಾದೆ. ಪಡಸಾಲೆಯಲ್ಲಿ ಗೆರೆ ಬೀಳಲಿಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರಿಗೆ ಕಾಮಾಲೆಯಾಯಿತು. ಗಿಡಮೂಲಿಕೆ ಕುಡಿಸಿದರು, ಇಳಿಯಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದಾಗ ಲಿವರ್ ಪೂರಾ ಹೋಗಿದೆ ಎಂದರು. ಓಣಿಯ ಹೆಂಗಸರ ಬಾಯಿಗೆ ಬೀಗ ಎಲ್ಲಿಂದ ಬರಬೇಕು? ‘ಆವತ್ತ ತನ್ನ ಕೈಯಿಂದ ತಾನ ಒರಸಿದ್ನಲ್ಲ’ ಎಂದು ನೀರಿನ ನಲ್ಲಿಯ ಹತ್ತಿರ ಶುರುವಾಯಿತು. ಆ ಮಾತು ಆಸ್ಪತ್ರೆಯ ಮಂಚದವರೆಗೂ ಹೋಗಿ ಮುಟ್ಟಿತು; ನೋಡಲು ಹೋದವರಲ್ಲಿ ಒಬ್ಬರಾದರೂ ಅಂಥವರು ಇರುತ್ತಾರಲ್ಲ.

ಒಂದು ದಿನ ಅಕ್ಕ ಬಟ್ಟೆಬರೆ ಒಯ್ಯಲೆಂದು ತಮ್ಮನನ್ನು ಆಸ್ಪತ್ರೆಯಲ್ಲಿ ಬಿಟ್ಟು ಊರಿಗೆ ಬಂದಿದ್ದಳು. ಮಧ್ಯಾಹ್ನ ಹುಬ್ಬಳ್ಳಿಯಿಂದ ಅವಳ ಹೆಸರಿಗೇ ಟ್ರಂಕ್ ಕಾಲ್ ಬಂತು. ಆಫೀಸಿನ ಜವಾನನನ್ನು ಓಡಿಸಿದೆ. ಅಕ್ಕ ಒದ್ದೆ ತಲೆಯಲ್ಲೇ, ಬರಿಗಾಲಲ್ಲಿ ಬಂದಳು. ರಿಸೀವರ್ ಕೊಟ್ಟು, ನಾನೂ ಹೆಡ್‌ಫೋನ್ ತೆಗೆಯದೆ ಕುಳಿತೆ. ಅಂಥ ಹೊತ್ತಿನಲ್ಲಿ ಯಾವ ಕಾಯಿದೆ ನೆನಪಿರುತ್ತದೆ?

‘ಹಲೋ’ ಎಂದರು ಅವರು.

ಆ ದನಿಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಗಾಲಿ ಕುರ್ಚಿಯಲ್ಲಿ ಆಸ್ಪತ್ರೆಯ ಆಫೀಸಿಗೆ ಕರೆತರಲು ಮೈದುನನನ್ನು ಕಾಡಿಸಿದ್ದರಂತೆ.

‘ಹಲೋ. ನಾನು... ಊಟಾ ಆತ?’

‘ಆತ್ರಿ’ ಎಂದಳು ಅಕ್ಕ. ಆಗಿರಲಿಲ್ಲ.

‘ಬಳಪ ಐತೇನು? ಬರಕೋ. ನಾಲ್ಕು ಸಾಲು, ಸಾಲಿಗೆ ನಾಲ್ಕ ಚೌಕ. ಹಣಿ ಅಷ್ಟ. ನಿನಗ ಬರತೈತಲ್ಲ, ಮರತಿಲ್ಲಲ್ಲ?’

‘ಮರತಿಲ್ಲ, ಹೇಳ್ರಿ’ ಎಂದಳು. ನನ್ನ ಮೇಜಿನ ಮೇಲಿದ್ದ ಬಳಪ ತೆಗೆದುಕೊಂಡು ಕಡಪಾ ಕಲ್ಲಿನ ನೆಲದ ಮೇಲೆ ಕುಳಿತಳು. ರಿಸೀವರಿನ ವೈರು ಅಷ್ಟುದ್ದ ಬರುತ್ತಿರಲಿಲ್ಲ. ನಾನು ಎದ್ದು, ಅದನ್ನು ಆದಷ್ಟು ಎಳೆದು ಅವಳ ಕಿವಿಯ ಹತ್ತಿರ ಹಿಡಿದು ನಿಂತೆ. ಮೊದಲು ಒಂದು ದೊಡ್ಡ ಅಂಕಿ ಹೇಳಿದರು. ಆಮೇಲಿನದೆಲ್ಲ ಒಂದೇ ಸಣ್ಣ ಅಂಕಿ. ಅದು ಕೂಡುವುದೋ ಕಳೆಯುವುದೋ ಎಂಬುದಷ್ಟೇ ಬೇರೆ. ‘ಕೂಡು. ಕಳಿ. ಕಳಿ. ಕೂಡು...’ ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದರು. ‘ಎಲ್ಲಾ ಸಣ್ಣಾವ ಅದಾವು. ಈ ಸಲ ಒಂದೂ ಬಿಟ್ಟಿಲ್ಲ ನೋಡು’ ಎಂದರು. ಕೊನೆಯ ‘ಕಳಿ’ ಆಗಿ, ‘ಮತ್ತ...’ ಎನ್ನುವಷ್ಟರಲ್ಲಿ ಹುಬ್ಬಳ್ಳಿಯ ಆಪರೇಟರ್, ಯಾವಳೋ ಪುಣ್ಯಾತಗಿತ್ತಿ, ‘ಮೂರು ನಿಮಿಷ ಆತ್ರಿ’ ಎಂದು ಲೈನು ಕಡಿದಳು. ನಾನು ಎಷ್ಟು ಕೂಗಿದರೂ ಮತ್ತೆ ಸಿಗಲಿಲ್ಲ. ನನ್ನ ಬಾಯಿಂದ ಅದೇ ಮಾತು ಕೇಳಿ ಅತ್ತವರೆಲ್ಲ ಅಂದು ನೆನಪಾದರು.

ಅಕ್ಕ ತಲೆಯೆತ್ತಲಿಲ್ಲ. ನೆಲದ ಮೇಲೆ ಎರಡೆರಡು ಅಂಕಿಗಳನ್ನು ಕೂಡುತ್ತ, ಕಳೆಯುತ್ತ, ತುಟಿಯಲ್ಲೇ ಹೇಳಿಕೊಳ್ಳುತ್ತ ಹೋದಳು. ಒಂದು ಕಡೆ ತಪ್ಪಿತ್ತು, ಸೆರಗಿನಿಂದ ಒರೆಸಿ ಮತ್ತೆ ಮಾಡಿದಳು. ಕೊನೆಗೆ ಎಲ್ಲ ಚೌಕಗಳಿಗೂ ಒಂದೇ ಅಂಕಿ ಬಂತು, ಒಂದೇ ಬಿಳುಪು. ನಡುವೆ ಕುಂಕುಮದ ಜಾಗದ ಒಂದು ಚೌಕ ಮಾತ್ರ ಕಪ್ಪು.

ಅದನ್ನು ನೋಡುತ್ತ ಕುಳಿತವಳು, ‘ಇಷ್ಟು ಹೇಳಾಕ ಇಷ್ಟು ವರ್ಷ ಬೇಕಾತೇನ್ರಿ’ ಎಂದಳು. ಕಡಿದ ಫೋನಿಗೆ ಹೇಳಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಬೋರ್ಡಿನ ಕಡೆ ತಿರುಗಿದೆ.

ಮರುದಿನ ಮೊದಲ ಬಸ್ಸಿಗೆ ಹೋದಳು. ಅವಳು ತಲುಪುವ ಹೊತ್ತಿಗೆ ಅವರ ಮಾತು ನಿಂತಿತ್ತು. ಕಣ್ಣು ತೆರೆದಿದ್ದರಂತೆ, ಹಣೆ ನೋಡಿದರಂತೆ. ಇಷ್ಟೇ ಹೇಳಿದಳು, ನಾನೂ ಹೆಚ್ಚು ಕೇಳಲಿಲ್ಲ. ಆ ‘ಮತ್ತ’ದ ಮುಂದೆ ಏನಿತ್ತೆಂದು ಇಂದಿಗೂ ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಟ್ಟಿಗೆ ಕುಳಿತು ನಗುತ್ತ ಕೂಡಿ ಕಳೆಯಬಹುದಾಗಿದ್ದ ಅಷ್ಟೂ ಸಂಜೆಗಳು ಸುಮ್ಮನೆ ಹೋದವಲ್ಲ ಎಂದು ನೆನೆದರೆ ಈಗಲೂ ನನಗೆ ಅವರಿಬ್ಬರ ಮೇಲೂ ಸಿಟ್ಟು ಬರುತ್ತದೆ.

ಹೆಣ ಊರಿಗೆ ಬಂತು. ಮಣ್ಣು ಮಾಡಿ ಗಂಡಸರು ಮರಳಿದ ಮೇಲೆ, ಹಿರಿಯ ಹೆಂಗಸರು ಪದ್ಧತಿಯಂತೆ ಅಕ್ಕನನ್ನು ಪಡಸಾಲೆಯ ನಡುವೆ ಕೂರಿಸಿದರು. ಒಬ್ಬಾಕೆ ಒದ್ದೆ ಅರಿವೆ ಹಿಡಿದು ಹಣೆಗೆ ಕೈ ಒಯ್ದಳು. ಅಷ್ಟು ಹೊತ್ತು ಅತ್ತು ಅತ್ತು ಸಾಕಾಗಿ ಕುಳಿತಿದ್ದ ಅಕ್ಕ ಆ ಕೈಯನ್ನು ಹಿಡಿದಳು. ದನಿ ಏರಿಸಲಿಲ್ಲ.

‘ಒಮ್ಮೆ ಅವರ ಒರಸ್ಯಾರ. ಆಮ್ಯಾಲ ಅವರ ತಿರುಗಿ ಇಟ್ಟು ಹೋಗ್ಯಾರ. ಲೆಕ್ಕಾ ಮುಗದೈತಿ. ಇನ್ನ ನೀವು ಯಾರೂ ಮುಟ್ಟಬ್ಯಾಡ್ರಿ.’

ಹೆಂಗಸರು ನನ್ನ ಮುಖ ನೋಡಿದರು. ‘ಹೌದ್ರಿ, ನನ್ನ ಕಿವಿಯಾರೆ ಕೇಳೇನಿ’ ಎಂದೆ. ಅರಿವೆ ಹಿಡಿದಾಕೆ ಅದನ್ನು ಹಿಂಡಿ, ಅಕ್ಕನ ಕೆನ್ನೆಯ ಮೇಲಿನ ನೀರನ್ನಷ್ಟೇ ಒರೆಸಿದಳು.